ಪತ್ರಿಕೆಗೂ ಒಂದು ಮುಖ ಉಂಟು

ನಮ್ಮ ಹೆಚ್ಚಿನ ಮನೆಗಳ ಕಪಾಟಿನ ಮೇಲಿನ ಅರೆಯಲ್ಲಿ ಒಂದು ಕಟ್ಟು ಇದ್ದೇ ಇರುತ್ತದೆ. ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ, ಮದ್ರಸದ ವಾರ್ಷಿಕೋತ್ಸವದ ಪುಸ್ತಕ, ಗಲ್ಫಿನಲ್ಲಿರುವ ಊರಿನವರು ಸೇರಿ ತಂದ ವಿಶೇಷಾಂಕ, ಎರಡೇ ಸಂಚಿಕೆಗೆ ನಿಂತುಹೋದ ಯುವಕರ ಸಾಹಿತ್ಯ ಪತ್ರಿಕೆ. ಎಸೆಯಲು ಮನಸ್ಸು ಬರುವುದಿಲ್ಲ, ಓದಲು ಕೈ ಹೋಗುವುದಿಲ್ಲ. ಒಮ್ಮೆ ಅದನ್ನೆಲ್ಲ ನೆಲದ ಮೇಲೆ ಹರಡಿ, ಹೆಸರುಗಳ ಮೇಲೆ ಕೈ ಮುಚ್ಚಿ ನೋಡಿ. ಯಾವುದು ಯಾವ ಊರಿನದ್ದು, ಯಾರು ಮಾಡಿದ್ದು ಎಂದು ಹೇಳಲು ಆಗುತ್ತದಾ? ಕಷ್ಟ. ಎಲ್ಲದರ ಮೇಲೂ ಅದೇ ಹಸಿರು, ಅದೇ ಗುಮ್ಮಟ, ಅದೇ ಎರಡು ಮಿನಾರ, ಮೇಲೊಂದು ಬಾಗಿದ ಚಂದ್ರ.

ನಾವೂ ಇಂಥದ್ದೊಂದನ್ನು ಮಾಡಿದವರೇ. ಕೆಲವು ವರ್ಷಗಳ ಹಿಂದೆ ಗೆಳೆಯರೆಲ್ಲ ಸೇರಿ 64 ಪುಟಗಳ ಪತ್ರಿಕೆ ತಂದೆವು. ಬರಹ ಒಟ್ಟು ಮಾಡಲು ಆರು ತಿಂಗಳು ಓಡಾಡಿದೆವು. ಪುಟ ಕಟ್ಟಲು ಕೊಟ್ಟದ್ದು ಒಂದೇ ರಾತ್ರಿ. ಡಿಟಿಪಿ ಅಂಗಡಿಯ ಹುಡುಗ ನಿದ್ದೆಗಣ್ಣಿನಲ್ಲಿ ಕೂತಿದ್ದ. ನಾವು ಹಿಂದೆ ನಿಂತು 'ಈ ಹೆಡ್ಡಿಂಗ್ ಬೇರೆ ಫಾಂಟಿನಲ್ಲಿ ಹಾಕು, ಇದಕ್ಕೆ ನೆರಳು ಕೊಡು, ಇನ್ನೂ ನಾಲ್ಕು ಜಾಹೀರಾತು ಬಂದಿದೆ, ಎಲ್ಲಾದರೂ ತುರುಕು ಮಾರಾಯ' ಎನ್ನುತ್ತಿದ್ದೆವು. ಬೆಳಿಗ್ಗೆ ಎಣಿಸಿದಾಗ ಒಟ್ಟು 11 ಅಕ್ಷರ ಶೈಲಿಗಳು ಸೇರಿಕೊಂಡಿದ್ದವು. ನಮಗೆ ಅದು ವೈಭವವಾಗಿಯೇ ಕಂಡಿತು.

ಆ ಸಂಚಿಕೆಯಲ್ಲಿ ನೆರೆಮನೆಯ ಒಬ್ಬರು ಅಕ್ಕನ ಕವನ ಇತ್ತು. ಅವರ ಜೀವಮಾನದ ಮೊದಲ ಕವನ. ಕಡಲಾಚೆ ಇರುವ ಗಂಡನ ಕಾಗದಕ್ಕೆ ಕಾಯುವುದರ ಬಗ್ಗೆ ಬರೆದದ್ದು. ಅಚ್ಚಾಗಿ ಬಂದ ಮೇಲೆ ನೋಡಿದರೆ, ಕೊನೆಯ ನಾಲ್ಕು ಸಾಲುಗಳ ಜಾಗದಲ್ಲಿ ಒಂದು ಚಿನ್ನದಂಗಡಿಯ ಜಾಹೀರಾತು. ಅಕ್ಕ ಪುಟವನ್ನು ಎರಡು ಸಲ ತಿರುಗಿಸಿ ನೋಡಿದರು. 'ಚಂದ ಉಂಟು' ಎಂದಷ್ಟೇ ಹೇಳಿ ಒಳಗೆ ಹೋದರು. ಆಮೇಲೆ ನಾವು ಎಷ್ಟು ಕೇಳಿದರೂ ಇನ್ನೊಂದು ಬರಹ ಕೊಡಲಿಲ್ಲ.

ಪುಟ ವಿನ್ಯಾಸವೆಂದರೆ ಬರಹಕ್ಕೆ ಹಾಕುವ ಮೇಕಪ್ ಎಂದು ತಿಳಿದಿದ್ದ ನಮಗೆ ಅದು ಬೇರೆಯೇ ಏನೋ ಎಂದು ಗೊತ್ತಾದದ್ದು ಅಂದು. ಮನೆಗೆ ಬಂದವರನ್ನು ಕೂರಿಸುವ ಕೆಲಸ ಅದು. ಬರೆದವರನ್ನೂ ಕೂರಿಸಬೇಕು, ಓದುವವರನ್ನೂ ಕೂರಿಸಬೇಕು.

ಇಬ್ನ್ ಬತೂತನ ಊರಿನ ಕಡೆಯಿಂದ

ಈ ವಿಷಯ ಬಂದಾಗಲೆಲ್ಲ ನಮಗೆ ದೂರ ದೇಶದ ಒಂದು ಪತ್ರಿಕೆ ನೆನಪಾಗುತ್ತದೆ. ದೂರ ಎಂದರೂ ತೀರಾ ಸಂಬಂಧ ಇಲ್ಲದ ದೇಶವಲ್ಲ. 14ನೇ ಶತಮಾನದಲ್ಲಿ ನಮ್ಮ ಮಂಗಳೂರಿಗೆ ಬಂದು, ಅದನ್ನು 'ಮಂಜರೂರ್' ಎಂದು ಬರೆದು, ಇಲ್ಲಿ ಸುಮಾರು 4,000 ಮುಸ್ಲಿಮರು ಇದ್ದಾರೆಂದು ಲೆಕ್ಕ ಇಟ್ಟುಹೋದ ಇಬ್ನ್ ಬತೂತ ಹುಟ್ಟಿದ್ದು ಮೊರೊಕ್ಕೊದ ಟಾಂಜಿಯರ್‌ನಲ್ಲಿ. ಅಲ್ಲಿಂದ ಅಟ್ಲಾಂಟಿಕ್ ದಡ ಹಿಡಿದು ಸ್ವಲ್ಪ ದಕ್ಷಿಣಕ್ಕೆ ಬಂದರೆ ಅಸೀಲಾ ಎಂಬ ಸಣ್ಣ ಪಟ್ಟಣ ಸಿಗುತ್ತದೆ. ಒಂದು ಕಡೆ ಕೋಟೆ ಗೋಡೆ, ಒಂದು ಕಡೆ ಕಡಲು. ಆ ಊರಿನಲ್ಲಿ 1936ರಲ್ಲಿ ಹುಟ್ಟಿದ ಮುಹಮ್ಮದ್ ಮೆಲೇಹಿ ಎಂಬ ಚಿತ್ರಕಾರ ಒಂದು ಬಡ ಪತ್ರಿಕೆಗೆ ಕೊಟ್ಟ ಮುಖಪುಟವನ್ನು ಇವತ್ತಿಗೂ ಜನ ನೋಡಿ ಗುರುತಿಸುತ್ತಾರೆ.

ಪತ್ರಿಕೆಯ ಹೆಸರು 'ಸೂಫ್ಲ್'. ಫ್ರೆಂಚ್ ಭಾಷೆಯಲ್ಲಿ ಅದರ ಅರ್ಥ ಉಸಿರುಗಳು ಎಂದು. 1966ರಲ್ಲಿ ರಬಾತ್ ನಗರದಲ್ಲಿ ಅದು ಶುರುವಾಯಿತು. ಶುರು ಮಾಡಿದವರು ಅಬ್ದುಲ್ಲತೀಫ್ ಲಾಬಿ ಎಂಬ ಕವಿ. ಫೆಸ್ ನಗರದವರು, ಹೊಟ್ಟೆಪಾಡಿಗೆ ಶಾಲೆಯಲ್ಲಿ ಫ್ರೆಂಚ್ ಕಲಿಸುತ್ತಿದ್ದವರು. ವಯಸ್ಸು ಆಗಿನ್ನೂ 24ರ ಆಸುಪಾಸು. ಜೊತೆಗೆ ಮುಹಮ್ಮದ್ ಖೈರುದ್ದೀನ್, ಮುಸ್ತಫಾ ನೀಸಾಬೂರಿಯಂಥ ಅದೇ ಪ್ರಾಯದ ಕವಿಗಳು. ದೇಶಕ್ಕೆ ಸ್ವಾತಂತ್ರ್ಯ ಬಂದು ಹತ್ತು ವರ್ಷ ಆಗಿತ್ತು. ಆದರೆ ಹಿಂದಿನ ವರ್ಷವಷ್ಟೇ, 1965ರ ಮಾರ್ಚಿನಲ್ಲಿ, ಕಾಸಾಬ್ಲಾಂಕಾದ ಬೀದಿಗಿಳಿದ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತ್ತು. ಉಸಿರು ಕಟ್ಟಿದ ಕಾಲ. ಆ ಹೆಸರು ಸುಮ್ಮನೆ ಬಂದದ್ದಲ್ಲ.

ಮೆಲೇಹಿ ಆಗ ತಾನೇ ಊರಿಗೆ ಮರಳಿದ್ದರು. ತೆತುವಾನ್‌ನಲ್ಲಿ ಕಲಿತು, ಸ್ಪೇನಿಗೆ ಹೋಗಿ, ರೋಮಿನಲ್ಲಿ ಕೆಲವು ವರ್ಷ ಇದ್ದು, ಅಮೆರಿಕವನ್ನೂ ನೋಡಿ ಬಂದವರು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಪ್ರದರ್ಶನವೊಂದರಲ್ಲಿ ಅವರ ಚಿತ್ರ ಇತ್ತು. ಅಲ್ಲೇ ಉಳಿಯಬಹುದಿತ್ತು. ಉಳಿಯಲಿಲ್ಲ. 1964ರಲ್ಲಿ ಕಾಸಾಬ್ಲಾಂಕಾದ ಕಲಾಶಾಲೆಗೆ ಮೇಷ್ಟ್ರಾಗಿ ಸೇರಿಕೊಂಡರು.

ಪ್ಲಾಸ್ಟರ್ ಬೊಂಬೆ ಬಿಟ್ಟು ಜಮಖಾನೆ ಹಿಡಿದವರು

ಆ ಶಾಲೆಯ ಕತೆ ಸ್ವಲ್ಪ ಹೇಳಲೇಬೇಕು. ಇಲ್ಲದಿದ್ದರೆ ಆ ಮುಖಪುಟ ಎಲ್ಲಿಂದ ಬಂತು ಎಂದು ತಿಳಿಯುವುದಿಲ್ಲ.

ಫ್ರೆಂಚರ ಕಾಲದಲ್ಲಿ ಕಟ್ಟಿದ ಶಾಲೆ ಅದು. ಚಿತ್ರ ಕಲಿಯುವುದೆಂದರೆ ಗ್ರೀಕ್ ರೋಮನ್ ಮೂರ್ತಿಗಳ ಪ್ಲಾಸ್ಟರ್ ಪ್ರತಿಗಳನ್ನು ಎದುರಿಗಿಟ್ಟು ನಕಲು ಮಾಡುವುದು. ಇನ್ನು ಮೊರೊಕ್ಕೊದ ಚಿತ್ರ ಎಂದರೆ ಯುರೋಪಿನಿಂದ ಬಂದ ಚಿತ್ರಕಾರರು ಕಂಡ ಹಾಗೆ: ಒಂಟೆ, ಖರ್ಜೂರದ ಮರ, ಮುಸುಕಿನ ಹೆಂಗಸು, ಸಂಜೆಯ ಬಜಾರು. 1962ರಲ್ಲಿ ಫರೀದ್ ಬಲ್‌ಕಾಹಿಯಾ ಎಂಬ ಚಿತ್ರಕಾರ ಆ ಶಾಲೆಯ ಮುಖ್ಯಸ್ಥರಾದರು. ಅವರು, ಮೆಲೇಹಿ, ಮುಹಮ್ಮದ್ ಶಬಾ ಸೇರಿ ಪಾಠವನ್ನೇ ತಿರುಗಿಸಿಬಿಟ್ಟರು. ಇಟಲಿಯ ಕಲಾ ಇತಿಹಾಸಕಾರ್ತಿ ಟೋನಿ ಮರಾಯಿನಿ, ಹಾಲೆಂಡಿನಿಂದ ಬಂದಿದ್ದ ಬರ್ಟ್ ಫ್ಲಿಂಟ್ ಕೂಡ ಜೊತೆಗೂಡಿದರು.

ಮಕ್ಕಳಿಗೆ ಜಮಖಾನೆ ತೋರಿಸಿದರು. ಬೆಟ್ಟದ ಹಳ್ಳಿಯ ಹೆಂಗಸರು ನೇಯ್ದ ಚೌಕ, ಅಂಕುಡೊಂಕು ಗೆರೆ. ಬೆಳ್ಳಿ ಆಭರಣ, ಮಣ್ಣಿನ ಪಾತ್ರೆ, ಚರ್ಮದ ಕೆಲಸ, ಹಳೆ ಮಸೀದಿಗಳ ಬಣ್ಣ ಬಳಿದ ಮರದ ಮಾಡು. ಇವೆಲ್ಲ ಪ್ರವಾಸಿಗಳಿಗೆ ಮಾರುವ ಸಾಮಾನಲ್ಲ, ನಮ್ಮ ಅಜ್ಜಿಯರು ಲೆಕ್ಕ ಹಾಕಿ ಕಟ್ಟಿದ ವಿನ್ಯಾಸ ಎಂದು ಹೇಳಿಕೊಟ್ಟರು. ಇದನ್ನು ದಾಖಲಿಸಲು ಶಾಲೆಯಿಂದ 'ಮಗ್ರಿಬ್ ಆರ್ಟ್' ಎಂಬ ಪತ್ರಿಕೆಯನ್ನೂ ತಂದರು. ಮೆಲೇಹಿ ತಮ್ಮ ಸ್ವಂತ ಚಿತ್ರಗಳಿಗೆ ಕಾರಿಗೆ ಹೊಡೆಯುವ ಸೆಲ್ಯುಲೋಸ್ ಪೈಂಟ್ ಬಳಸಿದರು. ಗ್ಯಾರೇಜಿನವನಿಗೂ ಪರಿಚಯದ ಬಣ್ಣ. 1969ರ ಮೇ ತಿಂಗಳಲ್ಲಿ ಇವರು ಆರು ಜನ ಚಿತ್ರಗಳನ್ನು ಹೊತ್ತು ಮರ್ರಾಕೆಶ್‌ನ ಜಮಾ ಅಲ್ ಫ್ನಾ ಮೈದಾನಕ್ಕೆ ಹೋಗಿ, ಬಯಲಲ್ಲೇ ತೂಗುಹಾಕಿದರು. ಗ್ಯಾಲರಿಯ ಮೆಟ್ಟಿಲು ಹತ್ತದ ಜನರ ಬಳಿಗೆ ಚಿತ್ರಗಳೇ ಇಳಿದು ಹೋದವು.

ಒಂದು ಕಪ್ಪು ಸೂರ್ಯ

'ಸೂಫ್ಲ್'ಗೆ ಮೆಲೇಹಿ ಕೊಟ್ಟದ್ದು ಒಂದು ಕಪ್ಪು ಸೂರ್ಯ. ಅಷ್ಟೇ. ದಟ್ಟ ಮಸಿಯ ಒಂದು ದೊಡ್ಡ ಗುಂಡು, ಜೊತೆಗೆ ಪತ್ರಿಕೆಯ ಹೆಸರು. ಗುಮ್ಮಟ ಇಲ್ಲ, ಒಂಟೆ ಇಲ್ಲ, ಖರ್ಜೂರದ ಮರ ಇಲ್ಲ. ಮೊದಲ ವರ್ಷಗಳ ಸಂಚಿಕೆಗಳಲ್ಲೆಲ್ಲ ಅದೇ ಸೂರ್ಯ. ಬಣ್ಣ ಮಾತ್ರ ಸಂಚಿಕೆಯಿಂದ ಸಂಚಿಕೆಗೆ ಬದಲಾಗುತ್ತಿತ್ತು.

ಇದರಲ್ಲಿ ಎಂತ ದೊಡ್ಡ ವಿಷಯ ಎಂದು ಕೇಳಬಹುದು. ಮೂರು ವಿಷಯ ಉಂಟು.

ಮೊದಲನೆಯದು, ಗುರುತು. ಪುಸ್ತಕದಂಗಡಿಯಲ್ಲಿ ಹತ್ತಡಿ ದೂರದಿಂದ ನೋಡಿದರೂ 'ಅದು ಬಂದಿದೆ' ಎಂದು ಓದುಗನಿಗೆ ಗೊತ್ತಾಗಬೇಕು. ನಮ್ಮ ಹಂಚಿನ ಕಾರ್ಖಾನೆಗಳವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಹಳೆ ಮನೆಯ ಹಂಚೊಂದನ್ನು ಮಗುಚಿ ನೋಡಿ, ಕಾರ್ಖಾನೆಯ ಹೆಸರು, ಗುರುತು ಒತ್ತಿರುತ್ತದೆ. ಬೀಡಿ ಕಟ್ಟಿನ ಲೇಬಲ್ಲೂ ಹಾಗೆಯೇ. ಓದು ಬಾರದವರೂ ಅದನ್ನು ನೋಡಿ ತಮ್ಮ ಬೀಡಿ ಕೇಳುತ್ತಿದ್ದರು. ಆ ಗುರುತನ್ನು ವರ್ಷಕ್ಕೊಮ್ಮೆ ಬದಲಿಸುವ ಬುದ್ಧಿಗೇಡಿತನ ಯಾರೂ ಮಾಡಲಿಲ್ಲ. ನಾವು ಮಾತ್ರ ಪ್ರತಿ ಸಂಚಿಕೆಗೂ ಪತ್ರಿಕೆಯ ಹೆಸರನ್ನೇ ಬೇರೆ ಬೇರೆ ಅಕ್ಷರದಲ್ಲಿ ಬರೆಸುತ್ತೇವೆ.

ಎರಡನೆಯದು, ಖರ್ಚು. ಸಣ್ಣ ಪತ್ರಿಕೆಗೆ ದುಡ್ಡಿರುವುದಿಲ್ಲ. ಆಫ್‌ಸೆಟ್ ಮುದ್ರಣದಲ್ಲಿ ಪ್ರತಿ ಬಣ್ಣಕ್ಕೂ ಒಂದು ಪ್ಲೇಟ್ ಬೇಕು. ಫೋಟೊದಂಥ ಬಹುವರ್ಣಕ್ಕೆ ನಾಲ್ಕು ಪ್ಲೇಟ್. ಕಪ್ಪು ಮತ್ತು ಇನ್ನೊಂದು ಬಣ್ಣ ಎಂದರೆ ಎರಡರಲ್ಲೇ ಮುಗಿಯುತ್ತದೆ. ಎರಡು ಬಣ್ಣದ ಮುಖಪುಟ ಬಡತನದಂತೆ ಕಾಣಬೇಕಾಗಿಲ್ಲ. ಅದನ್ನೇ ನಿಯಮ ಮಾಡಿಕೊಂಡರೆ ಗತ್ತು ಬರುತ್ತದೆ. ಮೊದಲ ಸಂಚಿಕೆ ಕೆಂಪು, ಎರಡನೆಯದು ನೀಲಿ, ಮೂರನೆಯದು ಹಳದಿ ಎಂದು ಹೋದರೆ ಹತ್ತು ಸಂಚಿಕೆ ಜೋಡಿಸಿಟ್ಟಾಗ ಅದೇ ಒಂದು ಚಿತ್ರ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಆ ಸೂರ್ಯ ಬೇರೆಯವರ ಕಣ್ಣಿನಿಂದ ತಂದದ್ದಲ್ಲ. ಒಳಗೆ ಅಚ್ಚಾಗುತ್ತಿದ್ದ ಕವನಗಳ ಸಿಟ್ಟು, ಹಂಬಲ ಎಲ್ಲ ಅದರಲ್ಲಿ ಇತ್ತು. ಹೊರಗೆ ಒಂದು, ಒಳಗೆ ಇನ್ನೊಂದು ಆಗಲಿಲ್ಲ.

ಇಲ್ಲಿ ನಮ್ಮ ಹಸಿರು ಗುಮ್ಮಟಕ್ಕೆ ಒಮ್ಮೆ ಬರೋಣ. ನಮ್ಮ ಕರಾವಳಿಯ ಹಳೆ ಮಸೀದಿಗಳಿಗೆ ಗುಮ್ಮಟ ಎಲ್ಲಿತ್ತು? ಮಳೆನಾಡಿನ ಮಸೀದಿ ನಮ್ಮದು. ಇಳಿಜಾರು ಮಾಡು, ಹಂಚು, ಮರದ ಕಂಬ, ಕೆತ್ತನೆ. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಒಳಗಿನ ಮರದ ಕೆತ್ತನೆಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೀಗಿರುವಾಗ ಮುಖಪುಟದ ಮೇಲಿನ ಆ ಗುಮ್ಮಟ ಎಲ್ಲಿಂದ ಬಂತು? ಕಂಪ್ಯೂಟರಿನಲ್ಲಿ 'ಮುಸ್ಲಿಂ' ಎಂದು ಹುಡುಕಿದಾಗ ಸಿಕ್ಕಿದ ರೆಡಿಮೇಡ್ ಚಿತ್ರ ಅದು. ಯುರೋಪಿನವರು ಮೊರೊಕ್ಕೊಕ್ಕೆ ಒಂಟೆ ಅಂಟಿಸಿದ ಹಾಗೆ ನಮಗೂ ಯಾರೋ ಒಂದು ಚಿತ್ರ ಅಂಟಿಸಿದ್ದಾರೆ. ನಾವು ಅದನ್ನೇ ದುಡ್ಡು ಕೊಟ್ಟು ಅಚ್ಚು ಹಾಕಿಸಿಕೊಳ್ಳುತ್ತಿದ್ದೇವೆ.

ಮುಖ ಬದಲಾದ ದಿನ

'ಸೂಫ್ಲ್' ಕತೆ ಸುಖವಾಗಿ ಮುಗಿಯಲಿಲ್ಲ. 1969ರಲ್ಲಿ ಅದರ 15ನೇ ಸಂಚಿಕೆ ಪೂರ್ತಿಯಾಗಿ ಫೆಲೆಸ್ತೀನ್ ಬಗ್ಗೆ ಬಂತು. 1967ರ ಯುದ್ಧದ ನೋವು ಆರಿರಲಿಲ್ಲ. ಕವಿತೆಯ ಪತ್ರಿಕೆ ಅಲ್ಲಿಂದ ನೇರವಾಗಿ ರಾಜಕೀಯದ ಕಡೆ ಹೊರಳಿತು. ಹಳೆಯ ಕೆಲವರು ದೂರವಾದರು, ಮೆಲೇಹಿ ಕೂಡ. ಮುಖಪುಟ ಬದಲಾಯಿತು, ವಿನ್ಯಾಸದ ಕೆಲಸ ಶಬಾ ಅವರ ಕೈಗೆ ಬಂತು. ಒಳಗಿನ ಮಾತು ಬದಲಾದ ಮೇಲೆ ಹಳೆಯ ಮುಖವನ್ನೇ ಇಟ್ಟುಕೊಂಡು ಓದುಗರನ್ನು ಸಮಾಧಾನ ಮಾಡಲು ಅವರು ಹೋಗಲಿಲ್ಲ. ಇದೂ ಒಂದು ಪ್ರಾಮಾಣಿಕತೆಯೇ.

1971ರಲ್ಲಿ ಅರಬಿಯಲ್ಲಿ 'ಅನ್‌ಫಾಸ್' ಶುರುವಾಯಿತು. ಅದರ ಅರ್ಥವೂ ಉಸಿರುಗಳು. ವಸಾಹತು ಶಾಲೆಯಲ್ಲಿ ಕಲಿತ ಭಾಷೆಯಿಂದ ಮನೆಯ ಕಡೆಗೆ ಒಂದು ಹೆಜ್ಜೆ. ಹೆಚ್ಚು ದಿನ ನಡೆಯಲಿಲ್ಲ. 1972ರ ಜನವರಿಯಲ್ಲಿ ಲಾಬಿಯವರನ್ನು ಹಿಡಿದರು, ಹಿಂಸೆ ಕೊಟ್ಟರು, ಹತ್ತು ವರ್ಷದ ಶಿಕ್ಷೆ ಆಯಿತು. ಪತ್ರಿಕೆ ನಿಂತಿತು. ಶಬಾ ಕೂಡ ಜೈಲು ಕಂಡರು. ಲಾಬಿ ಹೊರಗೆ ಬಂದದ್ದು 1980ರಲ್ಲಿ. ಐದು ವರ್ಷ ಕಳೆದು ದೇಶ ಬಿಟ್ಟು ಫ್ರಾನ್ಸಿಗೆ ಹೋದರು. 2009ರಲ್ಲಿ ಅಲ್ಲಿನ ಗೊಂಕೂರ್ ಕಾವ್ಯ ಪ್ರಶಸ್ತಿ ಅವರಿಗೆ ಬಂತು.

ಮೆಲೇಹಿ ಪತ್ರಿಕೆ ಕಟ್ಟುವ ಕೆಲಸ ಬಿಡಲಿಲ್ಲ. 1971ರಲ್ಲಿ 'ಇಂತೆಗ್ರಾಲ್' ಎಂಬ ಸ್ವಂತ ಕಲಾ ಪತ್ರಿಕೆ ತೆಗೆದರು. 1978ರಲ್ಲಿ ಗೆಳೆಯ ಮುಹಮ್ಮದ್ ಬಿನ್ ಈಸಾ ಜೊತೆ ಸೇರಿ ತಮ್ಮ ಊರು ಅಸೀಲಾದಲ್ಲಿ ಸಾಂಸ್ಕೃತಿಕ ಉತ್ಸವ ಶುರು ಮಾಡಿದರು. ಹಾಳುಬಿದ್ದಿದ್ದ ಊರಿನ ಸುಣ್ಣದ ಗೋಡೆಗಳ ಮೇಲೆ ಕಲಾವಿದರು ಚಿತ್ರ ಬರೆದರು. ಮನೆಗಳ ಗೋಡೆಯೇ ಪುಟವಾಯಿತು. 2020ರ ಅಕ್ಟೋಬರಿನಲ್ಲಿ ಪ್ಯಾರಿಸ್‌ನಲ್ಲಿ ಕೊರೋನಾ ಅವರನ್ನು ಕೊಂಡುಹೋಯಿತು. ಆ ಕಪ್ಪು ಸೂರ್ಯ ಮಾತ್ರ ಉಳಿದಿದೆ. ಫ್ರೆಂಚ್ ಒಂದಕ್ಷರ ಬಾರದ ನಮಗೂ ಗೊತ್ತಾಗುವಷ್ಟು ಉಳಿದಿದೆ.

ನಮ್ಮ ಪುಟಕ್ಕೆ ನಮ್ಮ ಲೆಕ್ಕ

ಮೊರೊಕ್ಕೊದವರ ಸೂರ್ಯನನ್ನು ತಂದು ನಾವು ಅಂಟಿಸಿಕೊಳ್ಳುವುದಲ್ಲ. ಹಾಗೆ ಮಾಡಿದರೆ ಗುಮ್ಮಟದ ಕತೆಯೇ ಪುನಃ. ಅವರು ತಮ್ಮ ಮನೆಯ ಜಮಖಾನೆ ನೋಡಿದರು, ನಾವು ನಮ್ಮ ಮನೆಯನ್ನು ನೋಡಬೇಕು. ಅಜ್ಜಿಯರ ಪೆಟ್ಟಿಗೆಯಲ್ಲಿ ಅರಬಿ-ಮಲಯಾಳಂ ಲಿಪಿಯ ಮಾಲೆ ಪುಸ್ತಕ ಇದ್ದರೆ ತೆಗೆದು ನೋಡಿ. ಕಲ್ಲಚ್ಚಿನಲ್ಲಿ ಮುದ್ರಿಸಿದ್ದಾದರೆ, ಬರೆಯುವವನು ಇಡೀ ಪುಟವನ್ನು ಕೈಯಲ್ಲೇ ಬರೆದಿರುತ್ತಾನೆ. ಸಾಲು ಎಲ್ಲಿ ಮುಗಿಯಬೇಕು, ಅಂಚಿನ ಗೆರೆ ಎಷ್ಟು ದಪ್ಪ ಇರಬೇಕು ಎಲ್ಲವನ್ನೂ ಒಂದೇ ಕಣ್ಣು ತೀರ್ಮಾನಿಸಿದೆ. ಒಂದೇ ಬಣ್ಣ, ಒಂದೇ ಕೈಬರಹ. ಆದರೂ ಹಾಡುವವರಿಗೆ ಸಾಲು ತಪ್ಪುತ್ತಿರಲಿಲ್ಲ.

ಕನ್ನಡ ಅಕ್ಷರಕ್ಕೆ ಅದರದ್ದೇ ಆದ ಹಟ ಉಂಟು. ಇಂಗ್ಲಿಷ್ ಪತ್ರಿಕೆಯ ಅಳತೆಯನ್ನು ಹಾಗೇ ತಂದು ಕೂರಿಸಲು ಆಗುವುದಿಲ್ಲ. 'ವಸ್ತ್ರ', 'ರಾಷ್ಟ್ರ' ಎಂಬ ಪದಗಳಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಕೆಳಗಿನ ಸಾಲಿನ ಗುಡಿಸು ಮೇಲಕ್ಕೆ ಏರುತ್ತದೆ. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಎರಡೂ ಡಿಕ್ಕಿ ಹೊಡೆಯುತ್ತವೆ. 11 ಪಾಯಿಂಟ್ ಅಕ್ಷರಕ್ಕೆ 15 ಅಥವಾ 16 ಪಾಯಿಂಟ್ ಸಾಲಿನ ಅಂತರ ಕೊಟ್ಟರೆ ವಯಸ್ಸಾದವರೂ ಕನ್ನಡಕ ಸರಿಮಾಡುತ್ತಾ ಕೂರಬೇಕಾಗಿಲ್ಲ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದ ಇಲ್ಲ. ಹಾಗಾಗಿ ತಲೆಬರಹ, ಉಪಶೀರ್ಷಿಕೆ, ಬರಹ ಇವುಗಳ ವ್ಯತ್ಯಾಸವನ್ನು ಗಾತ್ರ ಮತ್ತು ದಪ್ಪದಲ್ಲೇ ತೋರಿಸಬೇಕು. ಓರೆ ಮಾಡಿದ ಕನ್ನಡ ಅಕ್ಷರ ಬೀಳುವ ಗೋಡೆಯಂತೆ ಕಾಣುತ್ತದೆ. ಅದು ಬೇಡ.

ಇನ್ನು ನಮ್ಮ ಪದಗಳ ಉದ್ದ. 'ಮಾತನಾಡಿಕೊಂಡಿರುತ್ತಿದ್ದರು' ಎಂಬ ಒಂದು ಪದವೇ ಸಣ್ಣ ಕಾಲಂನ ಮುಕ್ಕಾಲು ಭಾಗ ತಿನ್ನುತ್ತದೆ. ಒಂದು ಪುಟಕ್ಕೆ ಮೂರು ಕಾಲಂ ಮಾಡಿ ಎರಡೂ ಬದಿ ಸಮ ಮಾಡಿದರೆ ಉಳಿದ ಪದಗಳ ನಡುವೆ ಹಲ್ಲು ಉದುರಿದ ಬಾಯಿಯ ಹಾಗೆ ಸಂದು ಬೀಳುತ್ತದೆ. ಸಣ್ಣ ಪತ್ರಿಕೆಗೆ ಒಂದು ಅಥವಾ ಎರಡು ಕಾಲಂ ಸಾಕು. ಕಾಲಂ ಕಿರಿದಾದರೆ ಬಲಬದಿಯನ್ನು ಸಮ ಮಾಡದೆ ಹಾಗೇ ಬಿಡಿ. ಅಕ್ಷರ ಶೈಲಿ ಬರಹಕ್ಕೊಂದು, ತಲೆಬರಹಕ್ಕೊಂದು, ಮೂರನೆಯದು ಬೇಕಾಗುವುದಿಲ್ಲ. ಅಂಚಿನಲ್ಲಿ ಹಿಡಿಯುವವರ ಹೆಬ್ಬೆರಳಿಗೆ ಜಾಗ ಇರಲಿ. ಕವನವನ್ನು ಎರಡು ಪುಟಕ್ಕೆ ಒಡೆಯಬೇಡಿ. ಜಾಹೀರಾತು ಕೊಟ್ಟವರಿಗೆ ಮರ್ಯಾದೆ ಕೊಡೋಣ, ಅವರಿಲ್ಲದೆ ಪತ್ರಿಕೆ ಇಲ್ಲ. ಆದರೆ ಅವರಿಗೆ ಅವರದ್ದೇ ಪುಟ ಇರಲಿ. ಪುಟಗಳು 8 ಅಥವಾ 16ರ ಲೆಕ್ಕದಲ್ಲಿ ಮಡಿಸಿ ಬರುತ್ತವೆ. ನಾಲ್ಕು ಜಾಹೀರಾತು ಹೆಚ್ಚಾದರೆ 8 ಪುಟ ಹೆಚ್ಚಿಸುವ ಧೈರ್ಯ ಮಾಡಿ, ಇಲ್ಲದಿದ್ದರೆ ಮುಂದಿನ ಸಂಚಿಕೆಗೆ ಇಡಿ. ಕವನದ ಸಾಲು ತೆಗೆದು ಅಲ್ಲಿ ಇಡಬೇಡಿ.

ಇದಕ್ಕೆಲ್ಲ ದುಡ್ಡು ಹೆಚ್ಚು ಬೇಡ. ಒಳ್ಳೆಯ ಕನ್ನಡ ಯೂನಿಕೋಡ್ ಅಕ್ಷರಗಳು ಈಗ ಉಚಿತವಾಗಿಯೇ ಸಿಗುತ್ತವೆ. ಬೇಕಾದದ್ದು ಸಮಯ, ಮತ್ತೆ ಆ ಕೆಲಸ ಒಬ್ಬರ ಜವಾಬ್ದಾರಿ ಎಂಬ ಒಪ್ಪಿಗೆ. ನಮ್ಮ ಸಮಿತಿಗಳಲ್ಲಿ ಸಂಪಾದಕರು ಇರುತ್ತಾರೆ, ಗೌರವ ಸಂಪಾದಕರು, ಸಲಹೆಗಾರರು, ಜಾಹೀರಾತು ವಿಭಾಗದವರು ಎಲ್ಲ ಇರುತ್ತಾರೆ. ಪುಟ ನೋಡುವವರ ಹೆಸರು ಪಟ್ಟಿಯಲ್ಲೇ ಇರುವುದಿಲ್ಲ. ಚಿತ್ರ ಬರೆಯುವ, ಮೆಹಂದಿಯಲ್ಲಿ ಅಷ್ಟು ಸೂಕ್ಷ್ಮ ಗೆರೆ ಎಳೆಯುವ ಹುಡುಗಿಯರು ನಮ್ಮ ಮನೆಗಳಲ್ಲೇ ಇದ್ದಾರೆ. ಗ್ರಾಫಿಕ್ ಡಿಸೈನ್ ಕಲಿತ ಮಕ್ಕಳು ಬೆಂಗಳೂರಿನಲ್ಲಿ, ದುಬೈಯಲ್ಲಿ ಬೇರೆಯವರ ಕಂಪೆನಿಗಳಿಗೆ ಮುಖ ಮಾಡಿಕೊಡುತ್ತಿದ್ದಾರೆ. ಅವರನ್ನು ಕೊನೆಯ ರಾತ್ರಿ ಅಲ್ಲ, ಮೊದಲ ಸಭೆಗೇ ಕರೆಯೋಣ. ಬರಹ ಓದಲು ಕೊಡೋಣ. ಓದದೆ ಯಾರೂ ಮುಖಪುಟ ಮಾಡಲಾರರು.

ನಮ್ಮ ಆ ಪತ್ರಿಕೆಗೆ ಎರಡನೇ ಸಂಚಿಕೆ ಬರಲಿಲ್ಲ. ಅಕ್ಕನ ಕವನದ ಕೊನೆಯ ನಾಲ್ಕು ಸಾಲನ್ನು ಆಮೇಲಾದರೂ ಎಲ್ಲಾದರೂ ಅಚ್ಚು ಹಾಕೋಣ ಎಂದು ಹುಡುಕಿದೆವು. ಕೈಬರಹದ ಪ್ರತಿಯನ್ನು ಡಿಟಿಪಿ ಅಂಗಡಿಯಲ್ಲೇ ಬಿಟ್ಟು ಬಂದಿದ್ದೆವು. ಅಂಗಡಿ ಈಗ ಇಲ್ಲ. ಅಕ್ಕನನ್ನು ಕೇಳಿದರೆ, 'ಈಗ ನೆನಪಿಲ್ಲ, ಬಿಡಿ' ಎನ್ನುತ್ತಾರೆ.

ನಿಮ್ಮ ಮನೆಯ ಕಪಾಟಿನ ಕಟ್ಟನ್ನು ಈ ವಾರ ಒಮ್ಮೆ ಬಿಚ್ಚಿ ನೋಡಿ. ಮುಂದಿನ ಸಂಚಿಕೆಯ ಸಭೆಗೆ ಹೋಗುವಾಗ ಅದರಲ್ಲಿ ಒಂದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ಜಾಹೀರಾತಿನ ದರ ನಿಗದಿ ಮಾಡುವ ಮೊದಲು ಅದನ್ನು ಮೇಜಿನ ಮೇಲಿಟ್ಟು, ಪುಟ ಯಾರು ನೋಡುತ್ತಾರೆ ಎಂದು ಕೇಳಿ.